ಏಸ್ ಸ್ಕೋರ್ 6 ಬಂದಿದೆ, ನನ್ ಲೈಫ್ ಇಷ್ಟೇನಾ?

ಬಾಲ್ಯದ ಕಷ್ಟ ಲೆಕ್ಕ ಹಾಕೋ ಏಸ್ ಟೆಸ್ಟ್ ಆನ್‌ಲೈನ್‌ನಲ್ಲಿ ಮಾಡ್ದೆ, ಹತ್ತಕ್ಕೆ 6 ಬಂತು, ಇನ್ನು ಸರಿ ಹೋಗಲ್ವಾ ಅಂತ ಕೇಳಿದೀರ. ನಂದು 5 ಮಾರಾಯ್ರೆ.

ಈ ಸ್ಕೋರ್ ಶುರುವಾಗಿದ್ದು ಅಮೆರಿಕದ ಫೆಲಿಟ್ಟಿ, ಆಂಡಾ ಅನ್ನೋ ಡಾಕ್ಟರ್‌ಗಳಿಂದ, 1998ರಲ್ಲಿ ಮೊದಲ ಪೇಪರ್ ಬಂತು, ಸ್ಯಾನ್ ಡಿಯಾಗೋದಲ್ಲಿ ಒಟ್ಟು 17 ಸಾವಿರಕ್ಕೂ ಜಾಸ್ತಿ ಜನರನ್ನ ಕೇಳಿದ್ರು. ಸ್ಕೋರ್ ಏರಿದಷ್ಟೂ ಕುಡಿತ, ಡಿಪ್ರೆಷನ್, ಹಾರ್ಟ್ ಕಾಯಿಲೆ ಜಾಸ್ತಿ ಅನ್ನೋದು ನಿಜಾನೇ, ಆದ್ರೆ ಅದು ಸಾವಿರಾರು ಜನರನ್ನ ಒಟ್ಟಿಗೆ ನೋಡ್ದಾಗ ಸಿಗೋ ಲೆಕ್ಕ. ಒಬ್ಬೊಬ್ಬರ ಹಣೆಬರಹ ಓದೋಕೆ ಇದನ್ನ ಬಳಸ್ಬೇಡಿ ಅಂತ 2020ರಲ್ಲಿ ಆಂಡಾ ಅವರೇ ಬರೆದಿದಾರೆ. ಕ್ವಿಜ್ ಥರ ಹಂಚೋರು ಅದನ್ನ ಹೇಳಲ್ಲ ಬಿಡಿ.

ನೀವು ಓದಬೇಕಾಗಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಅವರ ಕೆಲಸ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ನಲವತ್ತು ವಯಸ್ಸಿನವರೆಗೂ ಫಾಲೋ ಮಾಡಿದ್ರು. ಬಡತನ, ಮನೇಲಿ ಜಗಳ, ಕುಡಿಯೋ ಅಪ್ಪ ಅಮ್ಮ, ಹೀಗೆ ನಾಲ್ಕಾರು ತಾಪತ್ರಯ ಒಟ್ಟಿಗೆ ಇದ್ದ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಚೆನ್ನಾಗೇ ಬೆಳೆದ್ರು. ಅವರಿಗೆಲ್ಲ ಅಜ್ಜಿನೋ ಅತ್ತೆನೋ ಮೇಷ್ಟ್ರೋ, ಗಟ್ಟಿಯಾಗಿ ನಿಂತ ಒಬ್ರು ಇದ್ರು. ಮನೆಯಲ್ಲಿ ಈ ಮಕ್ಕಳನ್ನ ನಂಬಿ ಬಿಟ್ಟಿರೋ ಒಂದು ಕೆಲಸ ಇರ್ತಿತ್ತು ಅಂತಾನೂ ಬರೆದಿದಾರೆ, ಅಲ್ಲಿ ನಾನು ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಯಾಕಂದ್ರೆ ನಮ್ಮಪ್ಪ ಕುಡಿದು ಬರೋ ಸದ್ದು ದಣಪೆ ಹತ್ರ ಕೇಳಿದ ತಕ್ಷಣ ನಾನು ಪುಸ್ತಕ ಎತ್ಕೊಂಡು ಹಿತ್ಲಿಂದ ಪಕ್ಕದ ಮನೆ ಅಜ್ಜಿ ಹತ್ರ ಓಡ್ತಿದ್ದೆ. ಅವರು ಒಂದು ದಿನಾನೂ ಏನಾಯ್ತು ಅಂತ ಕೇಳ್ಲಿಲ್ಲ. ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲೀತಾ "ಆ ಸಿಪ್ಪೆ ಬುಟ್ಟಿಗೆ ತುಂಬು, ನೀನಿಲ್ದೆ ಆಗಲ್ಲ ನಂಗೆ" ಅಂತಿದ್ರು, ಆಮೇಲೆ ಗಂಜಿ ಬಡಿಸ್ತಿದ್ರು, ಅಷ್ಟೇ. ಆ ಅಜ್ಜಿಗೆ ಟೆಸ್ಟ್‌ನಲ್ಲಿ ಕಾಲಮ್ಮೇ ಇಲ್ಲ!

ನಂಗೆ ಅಂಥೋರು ಯಾರೂ ಇರ್ಲಿಲ್ಲ ಅಂತೀರೇನೋ. ಕವಾಯಿಯಲ್ಲೂ ಹದಿನೆಂಟಕ್ಕೆ ದಾರಿ ತಪ್ಪಿದ್ದ ಎಷ್ಟೋ ಹುಡುಗ್ರು ಮತ್ತೆ ಕಾಲೇಜ್ ಸೇರ್ಕೊಂಡೋ, ಸೈನ್ಯಕ್ಕೆ ಹೋಗೋ, ಒಳ್ಳೆ ಸಂಗಾತಿ ಸಿಕ್ಕೋ ಮೂವತ್ತು ನಲವತ್ತರ ಹೊತ್ತಿಗೆ ಒಂದು ದಡ ಸೇರಿದ್ರು.

ನಾನು ಪೂರ್ತಿ ಸರಿಯಾಗಿದೀನಿ ಅಂತಲ್ಲ, ರಾತ್ರಿ ಗೇಟ್ ಸದ್ದಾದ್ರೆ ಇವತ್ತಿಗೂ ಎದೆ ಧಸಕ್ ಅನ್ನುತ್ತೆ, ಎರಡು ವರ್ಷದಿಂದ ಕೌನ್ಸೆಲರ್ ಹತ್ರ ಹೋಗ್ತಿದೀನಿ. ದುಡ್ಡಿನ ಯೋಚನೆ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡಬಹುದು.