ಆರ್ಕಿಟೆಕ್ಚರ್ ಓದಲು ಹಳೆಯ ವಿಶ್ವವಿದ್ಯಾಲಯವೇ ಆಗಬೇಕೇ?

ಮಗಳು ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆಯಾದ ನಾಟಾ ಬರೆದಿದ್ದಾಳೆ, ಹಳೆಯ ವಿಶ್ವವಿದ್ಯಾಲಯಕ್ಕೆ ಸೇರಿಸುವುದೋ ಹೊಸ ಶಾಲೆಗೋ ಎಂದು ಹಾಸನದಿಂದ ಕೇಳಿದ್ದೀರಿ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಕಾಫಿ ತೋಟದಲ್ಲಿ ರೈಟರ್ ಆಗಿದ್ದ ನನ್ನ ತಂದೆ ಸಾಹುಕಾರರಿಂದ ಮುಂಗಡ ಪಡೆದು ಫೀಸು ಕಟ್ಟಿದರು. ಕಾಲೇಜನ್ನು ಆರಿಸಿದವನು ಮಾತ್ರ ನಾನೇ.

ಗೇಟಿನ ಕಮಾನಿನ ಮೇಲಿದ್ದ ಸ್ಥಾಪನೆಯ ವರ್ಷವನ್ನು ಕಂಡು, ಆರ್ಕಿಟೆಕ್ಚರ್ ವಿಭಾಗವೂ ಅಷ್ಟೇ ಹಳೆಯದೆಂದು ನಂಬಿದ್ದು ನನ್ನ ತಪ್ಪು. ಅದು ಎಂಜಿನಿಯರಿಂಗ್ ಕಾಲೇಜಿನ ವರ್ಷ. ನಮ್ಮ ವಿಭಾಗಕ್ಕೆ ಆಗ ಎರಡೇ ವರ್ಷ. ಒಂದು ತಂಡವೂ ಪದವಿ ಪಡೆದು ಹೊರಬಂದಿರಲಿಲ್ಲ. ಮೊದಲ ತಂಡ ಯಾವಾಗ ಮುಗಿಸಿತು ಎಂದು ಕಚೇರಿಯ ಕಿಟಕಿಯಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ. ಸಿವಿಲ್‌ನವರ ತರಗತಿ ಮುಗಿಯುವವರೆಗೆ ಟಿ-ಸ್ಕ್ವೇರ್ ಹಿಡಿದು ಕಾರಿಡಾರಿನಲ್ಲಿ ಕಾದು, ಆಮೇಲೆ ಅವರದೇ ಡ್ರಾಯಿಂಗ್ ಹಾಲಿನಲ್ಲಿ ನಮ್ಮ ಸ್ಟುಡಿಯೋ, ಅಂದರೆ ವಿನ್ಯಾಸದ ತರಗತಿ, ನಡೆಯುತ್ತಿತ್ತು. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಸಲು ಕರೆದೊಯ್ಯುವ ಮೇಷ್ಟರೇ ಇರಲಿಲ್ಲ. ಬೇಲೂರಿಗೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಬೆಳೆದ ನಾನು, ಅಲ್ಲಿನ ದೇವಾಲಯ ನಿಂತ ಎತ್ತರದ ಕಟ್ಟೆಯಾದ ಜಗತಿಯ ಅಂಚಿನಲ್ಲಿ ಹೆಜ್ಜೆ ಎಣಿಸುತ್ತ, ಚೌಕವನ್ನು ತಿರುಗಿಸುತ್ತ ಹೋದರೆ ನಕ್ಷತ್ರಾಕಾರದ ತಳವಿನ್ಯಾಸ ಮೂಡುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ಅರಿತದ್ದು ಪದವಿ ಮುಗಿದ ಮೇಲೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾಗದೆ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳುವಂತಿಲ್ಲ. ನಮ್ಮ ತಂಡದ ಮಾನ್ಯತೆಯ ಕಾಗದಗಳು ತಡವಾದುದರಿಂದ ಒಂದು ವರ್ಷ ಹಾಸನದ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ದುಡಿದೆ. ತಂದೆಯ ಮುಂಗಡ ತೀರುವುದೂ ಅಷ್ಟೇ ತಡವಾಯಿತು.

ಆದ್ದರಿಂದ ವಿಶ್ವವಿದ್ಯಾಲಯದ ವಯಸ್ಸು ಕೇಳುವುದನ್ನೇ ಬಿಡಿ. ಮುಂಬೈಯ ಜೆ.ಜೆ. ಕಲಾಶಾಲೆ 1857ರದು, ಆದರೆ ಅಲ್ಲಿನ ಆರ್ಕಿಟೆಕ್ಚರ್ ಪ್ರತ್ಯೇಕ ಕಾಲೇಜಾದದ್ದು 1958ರಲ್ಲಿ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಇದು ತಿರುಗುಮುರುಗು: ಆರ್ಕಿಟೆಕ್ಟ್ ಬಿ.ವಿ. ದೋಶಿಯವರು 1962ರಲ್ಲಿ ಆರ್ಕಿಟೆಕ್ಚರ್ ಶಾಲೆಯನ್ನು ಕಟ್ಟಿದರು, ವಿಶ್ವವಿದ್ಯಾಲಯದ ಪಟ್ಟ ಬಂದದ್ದು 2005ರಲ್ಲಿ. ಬೋರ್ಡಿನ ಮೇಲಿನ ವರ್ಷವನ್ನಷ್ಟೇ ಓದುವವರು ಎರಡೂ ಕಡೆ ಮೋಸ ಹೋಗುತ್ತಾರೆ.

ಕಲಾಶಾಲೆಯೊಳಗೆ ಬೆಳೆದ ವಿಭಾಗಕ್ಕೂ ಎಂಜಿನಿಯರಿಂಗ್ ಕಾಲೇಜಿನೊಳಗೆ ಬೆಳೆದದ್ದಕ್ಕೂ ಪಾಠದ ರೀತಿ ಬೇರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಅದನ್ನು ವಿಚಾರಿಸಿ. ಈ ವರ್ಷದ ಸೀಟುಗಳಿಗೆ ಕೌನ್ಸಿಲ್ ಅನುಮೋದನೆ ಇದೆಯೇ ಎಂದು ಪತ್ರ ತೋರಿಸಿ ಎನ್ನಿ, ಸಂಕೋಚ ಬೇಡ. ಮಗಳನ್ನು ಸಂಜೆಯ ಹೊತ್ತಿಗೆ ಕರೆದುಕೊಂಡು ಹೋಗಿ, ಸ್ಟುಡಿಯೋದಲ್ಲಿ ದೀಪ ಉರಿಯುತ್ತಿದೆಯೇ ನೋಡಿ, ಐದನೆಯ ವರ್ಷದ ಮಕ್ಕಳನ್ನು ಅವರು ಅಳೆದು ಬರೆದ ನಕ್ಷೆಗಳನ್ನು ತೋರಿಸುವಂತೆ ಕೇಳಿ.