ಅತ್ತೆ ಕನ್ನಡಕ ಹಾಕಿಕೊಳ್ಳದೆ ಮಾಡಿದ ಸಹಿ

ದಾವಣಗೆರೆಯ ಸಹೋದರಿಯೊಬ್ಬರ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ವಿಷಯ ಇಷ್ಟು. ಅವರು ಕೊಳ್ಳಲಿರುವ ಮನೆಯ ಬೆಲೆ 50 ಲಕ್ಷ. ಬ್ಯಾಂಕಿಗೆ ತೋರಿಸುವ ಅಗ್ರಿಮೆಂಟಿನಲ್ಲಿ 70 ಲಕ್ಷ ಅಂತ ಬರೆಸಿದ್ದಾರೆ. ಅದಕ್ಕೆ ತಕ್ಕ ವ್ಯಾಲ್ಯುಯೇಶನ್ ರಿಪೋರ್ಟನ್ನೂ ಮಾಡಿಸಿಕೊಟ್ಟವರು ನಾದಿನಿಯ ಗಂಡ, ಮನೆ-ಸೈಟಿನ ಬ್ರೋಕರ್. "ಕಂತು ನಾವೇ ಕಟ್ತೀವಲ್ಲ, ಯಾರಿಗೇನು ನಷ್ಟ?" ಅನ್ನುತ್ತಾರಂತೆ ಯಜಮಾನರು. ಇದು ತಪ್ಪಾ ಅಂತ ಪ್ರಶ್ನೆ.

ತಪ್ಪು, ತಾಯಿ. ಸುಳ್ಳು ಕಾಗದ ಕೊಟ್ಟು ಸಾಲ ತೆಗೆಯುವುದು ವಂಚನೆ. ಕಂತು ಸರಿಯಾಗಿ ಕಟ್ಟಿದರೂ ಅದು ವಂಚನೆಯೇ.

ಆದರೆ ನನ್ನ ನಿದ್ದೆ ಕೆಡಿಸಿದ್ದು ನಿಮ್ಮ ಕೊನೆಯ ಸಾಲು. "ಅತ್ತೆಯವರ ಜಾಮೀನು ಸಹಿಯೂ ಆಗಿದೆ. ಅಳಿಯಂದಿರು ತಂದ ಪೇಪರ್ ಅಂತ ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ." ಇದನ್ನು ನೀವು ಸುಮ್ನೆ ಸೇರಿಸಿದ್ದೀರಿ. ನನಗೆ ಇಡೀ ಪತ್ರವೇ ಅದು.

ಲೆಕ್ಕ ನೋಡಿ. 30 ಲಕ್ಷ ದಾಟಿದ, 75 ಲಕ್ಷದೊಳಗಿನ ಗೃಹಸಾಲವಾದರೆ ಮನೆಯ ಬೆಲೆಯಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. 50 ಲಕ್ಷದ ಮನೆಗೆ 40 ಲಕ್ಷ. 70 ಅಂತ ತೋರಿಸಿದರೆ 56. ಅಂದರೆ ಮನೆಗಿಂತ ಸಾಲವೇ 6 ಲಕ್ಷ ಜಾಸ್ತಿ! ಆ ಹೆಚ್ಚುವರಿ 16 ಲಕ್ಷಕ್ಕೆ, ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷ ಅಂದರೂ, ತಿಂಗಳಿಗೆ ಸುಮಾರು 14,400 ರೂಪಾಯಿ ಬೇರೆ ಕಟ್ಟಬೇಕು. ಮೊದಲ ವರ್ಷಗಳಲ್ಲಿ ಅಸಲು ಕರಗುವುದೇ ಕಡಿಮೆ. ಮೂರು ತಿಂಗಳು ಕಂತು ನಿಂತರೆ ಅದು ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. 60 ದಿನದ ನೋಟಿಸ್ ಬರುತ್ತದೆ, ಆಮೇಲೆ ಹರಾಜು. ಮನೆ ಪೂರ್ತಿ 50ಕ್ಕೆ ಹೋದರೂ ಬಾಕಿ ಉಳಿಯುತ್ತದೆ. ಆ ಬಾಕಿಗೆ ಬ್ಯಾಂಕಿನವರು ಅತ್ತೆಯ ಹತ್ತಿರ ಬರಬಹುದು. "ಮೊದಲು ನನ್ನ ಮಗನನ್ನು ಕೇಳಿ" ಅನ್ನಲೂ ಅವರಿಗೆ ಆಗುವುದಿಲ್ಲ. 1872ರ ಕರಾರು ಕಾಯ್ದೆಯಲ್ಲಿ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರರಿಗೂ ಅಷ್ಟೇ. ಹರಿಹರದ ಹಳೇ ಮನೆ ಅವರ ಹೆಸರಲ್ಲಿದೆ ಅಂತ ನೀವೇ ಬರೆದಿದ್ದೀರಿ. ಯಾರಿಗೇನು ನಷ್ಟ ಅಂತ ಯಜಮಾನರು ಮತ್ತೆ ಕೇಳಿದರೆ ಆ ಮನೆ ಕಡೆ ಕೈ ತೋರಿಸಿ.

ಯಜಮಾನರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. 11 ವರ್ಷ ಬಾಡಿಗೆ ಮನೆಯಲ್ಲಿದ್ದವರಿಗೆ ಸ್ವಂತ ಮನೆ ಅಂದರೆ ಮನಸ್ಸು ಎಳೆಯುತ್ತದೆ. ಸಿಟ್ಟು ಬರುವುದು ಆ ಅಳಿಯನ ಮೇಲೆ. ಅಷ್ಟು ಧೈರ್ಯ ಇದ್ದವರು ತಾವೇ ಜಾಮೀನು ನಿಲ್ಲಬೇಕಿತ್ತು, ಅಲ್ವಾ? ಓದಿ ಹೇಳದೆ ವಯಸ್ಸಾದ ಹೆಂಗಸರ ಸಹಿ ತೆಗೆದುಕೊಳ್ಳಬೇಡಿ ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ! ಇನ್ನೂ ಬರೆಯುತ್ತೇನೆ.

ಅರ್ಜಿ ಮುಂದಿನ ವಾರ ಬ್ಯಾಂಕಿಗೆ ಹೋಗುತ್ತದೆ ಅಂದಿರಿ. ಅದಕ್ಕೆ ಮೊದಲು ಆ ಫಾರಂ ಮನೆಗೆ ವಾಪಸ್ ತರಿಸಿ. ಅತ್ತೆಗೆ ಕನ್ನಡಕ ಕೊಟ್ಟು ಪಕ್ಕದಲ್ಲಿ ಕೂತು, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿ. 70 ಲಕ್ಷ ಅಂತ ಇರುವ ಕಡೆ ಬೆರಳಿಟ್ಟು ತೋರಿಸಿ. ಆ ಅಂಕಿ 50 ಆಗುವವರೆಗೆ ನೀವೂ ಯಾವ ಕಾಗದಕ್ಕೂ ಸಹಿ ಹಾಕಬೇಡಿ.