ಕೆಂಪು ಲೇಬಲ್ಲಿನ ಬೀದಿ ಹಾಡು

ಮಾನ್ಯ ಸಂಪಾದಕರೇ,
ಮುಂಬೈಯಲ್ಲಿದ್ದ ನಮ್ಮ ಸೋದರಮಾವನ ಪೆಟ್ಟಿಗೆಯೊಂದು ನನ್ನ ಪಾಲಿಗೆ ಬಂದಿದೆ. ಅದರ ತುಂಬ ಹಳೆಯ ಗ್ರಾಮಫೋನ್ ಪ್ಲೇಟುಗಳು. ಕರೂಸೊ, ಮೆಕಾರ್ಮ್ಯಾಕ್, ಟೌಬರ್ ಮುಂತಾದ ಒಪೆರಾ (ಪಾಶ್ಚಾತ್ಯ ಸಂಗೀತನಾಟಕ) ಗಾಯಕರದೇ ಹೆಚ್ಚು. ಆದರೆ ಅರ್ಧಕ್ಕರ್ಧ ಅವರು ಹಾಡಿದ ಸಿಪಾಯಿ ಹಾಡು, ಪ್ರೇಮಗೀತೆ, ಸಿನಿಮಾ ಹಾಡುಗಳು. ಅಷ್ಟು ದೊಡ್ಡವರು ಕಾಸಿಗಾಗಿ ಇಷ್ಟು ಕೆಳಗೆ ಇಳಿಯಬೇಕಿತ್ತೆ? ಒಪೆರಾ ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕೋಣವೆಂದಿದ್ದೇನೆ.
— ಓದುಗರೊಬ್ಬರು, ಧಾರವಾಡ

ಗುಜರಿಗೆ ಹಾಕಬೇಡಿ, ಕೈಮುಗಿದು ಕೇಳುತ್ತೇನೆ.

ಕಾಸಿನ ಮಾತು ಸುಳ್ಳಲ್ಲ. ದೊಡ್ಡ ಕಂಠವೊಂದು ಪುಟ್ಟ ಹಾಡಿನ ಮೇಲೆ ಬಿದ್ದು ಅದನ್ನು ಅಪ್ಪಚ್ಚಿ ಮಾಡಿದ ಪ್ಲೇಟುಗಳೂ ಉಂಟು, ಒಪ್ಪಿದೆ. ಆದರೆ ‘ಇಳಿಯಬೇಕಿತ್ತೆ’ ಎಂದಿರಲ್ಲ, ಆ ಒಂದು ಪದ ನನ್ನನ್ನು ಎರಡು ದಿನ ಕಾಡಿತು.

ಕರೂಸೊ ಎಲ್ಲಿಂದ ಇಳಿದ? 1873ರಲ್ಲಿ ನೇಪಲ್ಸ್‌ನ ಬಡ ಮನೆಯಲ್ಲಿ ಹುಟ್ಟಿ, ಹುಡುಗನಾಗಿ ಬೀದಿಯಲ್ಲೂ ಕಾಫಿ ಅಂಗಡಿಯಲ್ಲೂ ಹಾಡಿ ನಾಲ್ಕು ಕಾಸು ಕಂಡವನು ಅವನು. ನೇಪಲ್ಸ್‌ನ ಹಾಡು ಅವನ ತಾಯಿನುಡಿ. ಅವನು ಕಲಿತು ಹತ್ತಿದ್ದು ಒಪೆರಾವನ್ನು. ‘ಓ ಸೋಲೆ ಮಿಯೊ’ ಹಾಡಿದಾಗ ಮನೆಗೆ ಮರಳಿದನೇ ಹೊರತು ಇಳಿಯಲಿಲ್ಲ. ಇನ್ನು ‘ಕೋರೆ ಇಂಗ್ರಾತೊ’. ನೇಪಲ್ಸ್‌ನ ಹಾಡೆಂದೇ ಲೋಕ ನಂಬಿರುವ ಇದು ಹುಟ್ಟಿದ್ದು ಅಮೆರಿಕಕ್ಕೆ ವಲಸೆ ಹೋದ ಇಟಲಿಯವರ ನಡುವೆ, 1911ರಲ್ಲಿ. ಅದೇ ವರ್ಷ ಕರೂಸೊ ಅದನ್ನು ಪ್ಲೇಟಿಗೆ ಹಾಡಿದ. ಊರು ಬಿಟ್ಟು ಬಂದವರಿಗೆ ಆ ದನಿ ಏನಾಗಿತ್ತು ಎಂಬುದನ್ನು, ಮುಂಬೈಯಲ್ಲಿ ಬಾಳಿದ ನಿಮ್ಮ ಸೋದರಮಾವನವರು ಇದ್ದಿದ್ದರೆ ನನಗಿಂತ ಚೆನ್ನಾಗಿ ಹೇಳುತ್ತಿದ್ದರು.

ಮೇಲು ಕೀಳನ್ನು ಮಾಡಿದವರು ಯಾರೆಂದು ಹೇಳುತ್ತೇನೆ. ಅಮೆರಿಕದ ಪ್ಲೇಟು ಕಂಪನಿ ವಿಕ್ಟರ್ ಒಪೆರಾದವರಿಗೆ ಕೆಂಪು ಲೇಬಲ್ ಅಂಟಿಸಿತು, ಉಳಿದವರಿಗೆ ಕಪ್ಪು. 1908ರಲ್ಲಿ ಎರಡೂ ಬದಿ ಹಾಡಿರುವ ಹತ್ತಿಂಚಿನ ಕಪ್ಪು ಲೇಬಲ್ಲಿನ ಪ್ಲೇಟಿಗೆ 75 ಸೆಂಟ್. ಕರೂಸೊ ಮತ್ತು ಸಂಗಡಿಗರು ಹಾಡಿದ ‘ಲೂಚಿಯಾ’ ಒಪೆರಾದ ಆರು ಕಂಠಗಳ ಹಾಡಿಗೆ, ಅದೂ ಒಂದೇ ಬದಿಗೆ, 7 ಡಾಲರ್! ಬೆಲೆಚೀಟಿಯನ್ನು ನಾವು ಸಂಗೀತದ ಎತ್ತರವೆಂದು ಓದಿಕೊಂಡೆವು. 1918ರಲ್ಲಿ ಅದೇ ಕರೂಸೊ, ಯುದ್ಧಕ್ಕೆ ಹೊರಟ ಅಮೆರಿಕದ ಸೈನಿಕರ ‘ಓವರ್ ದೇರ್’ ಹಾಡನ್ನು ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಹಾಡಿದ. ಲೇಬಲ್ ಕೆಂಪೇ. ನಿಮ್ಮ ಪೆಟ್ಟಿಗೆಯಲ್ಲಿರುವ ಸಿಪಾಯಿ ಹಾಡು ಬಹುಶಃ ಅದೇ.

ಮೆಕಾರ್ಮ್ಯಾಕನ ವಿಚಾರಕ್ಕೆ ಬರೋಣ; ಇಲ್ಲಿ ನಾನು ಸ್ವಲ್ಪ ಉದ್ದವಾಗುತ್ತೇನೆ, ಸಹಿಸಿಕೊಳ್ಳಿ. ಐರ್ಲೆಂಡಿನ ಈ ಗಾಯಕ 1916ರಲ್ಲಿ ಮೊಟ್ಸಾರ್ಟ್‌ನ ಒಪೆರಾದಲ್ಲಿ ಡಾನ್ ಒಟ್ಟಾವಿಯೊ ಎಂಬ ಪಾತ್ರ ಹಾಡುವ ‘ಇಲ್ ಮಿಯೊ ತೆಸೊರೊ’ವನ್ನು ಪ್ಲೇಟಿಗೆ ಹಾಡಿದ್ದಾನೆ. ಅದರ ನಡುವೆ ಬರುವ ಉದ್ದನೆಯ ಸ್ವರಮಾಲೆಯನ್ನು ಒಂದೇ ಉಸಿರಿನಲ್ಲಿ ದಾಟುತ್ತಾನೆ. ಒಪೆರಾ ಬಲ್ಲವರು ಇಂದಿಗೂ ಅದನ್ನು ಮಾದರಿ ಎನ್ನುತ್ತಾರೆ. ಎರಡು ವರ್ಷ ಹಿಂದೆ, 1914ರಲ್ಲಿ, ಇದೇ ಮನುಷ್ಯ ಬ್ರಿಟಿಷ್ ಸಿಪಾಯಿಗಳ ಹಾಡು ‘ಟಿಪ್ಪರೆರಿ’ ಹಾಡಿದ್ದ. ಗೆಳೆಯರೊಬ್ಬರ ಮನೆಯಲ್ಲಿ ಕೀ ಕೊಡುವ ಗ್ರಾಮಫೋನಿನ ಮೇಲೆ ಎರಡನ್ನೂ ಒಂದರ ಹಿಂದೊಂದು ಕೇಳಿದ ಸಂಜೆ ನನಗೆ ಮರೆಯುವುದಿಲ್ಲ. ಉಸಿರಿನ ಹಿಡಿತ ಅದೇ, ಮಾತಿನ ಸ್ಪಷ್ಟತೆ ಅದೇ. ಸಿಪಾಯಿ ಹಾಡಿನ ಒಂದಕ್ಷರವನ್ನೂ ಅವನು ನುಂಗಿಲ್ಲ. ಸಾಹಿತ್ಯವನ್ನು ಅಷ್ಟು ಗೌರವಿಸುವವನು ಕೇಳುಗನನ್ನೂ ಗೌರವಿಸುತ್ತಾನೆ.

ಆ ಕಾಲದ ಯಂತ್ರವನ್ನೂ ನೆನಪಿಡಿ. 1925ರವರೆಗೆ ಪ್ಲೇಟಿಗೆ ಹಾಡಲು ಮೈಕ್ ಇರಲಿಲ್ಲ. ಗಾಯಕ ದೊಡ್ಡ ತುತ್ತೂರಿಯೊಂದರ ಬಾಯಿಗೆ ಹಾಡಬೇಕು, ಆ ದನಿಯ ಬಲದಿಂದಲೇ ಮುಳ್ಳು ಮೇಣವನ್ನು ಕೊರೆಯಬೇಕು. ಪಿಸುಮಾತು ಅಲ್ಲಿ ದಾಖಲಾಗುತ್ತಲೇ ಇರಲಿಲ್ಲ. ಜನಪ್ರಿಯ ಹಾಡಿಗೇ ಪಳಗಿದ ಕಂಠ ಬೇಕಾಗಿತ್ತು. ಮೈಕ್ ಬಂದಮೇಲೆ ಕಿವಿಯಲ್ಲಿ ಉಸುರುವ ಗಾಯನ ಬಂತು, ನಮ್ಮ ಕಿವಿ ಅದಕ್ಕೆ ಒಗ್ಗಿತು. ಹಳೆಯ ಪ್ಲೇಟು ನಿಮಗೆ ‘ಅತಿಯಾಯಿತು’ ಅನಿಸಿದರೆ ತಪ್ಪು ಗಾಯಕನದಲ್ಲ.

ಎದುರು ದಿಕ್ಕಿನಿಂದ ಬಂದವರನ್ನು ಯಾರೂ ‘ಏರಿದರು’ ಎಂದು ಅನುಮಾನಿಸುವುದಿಲ್ಲ. ರೋಸಾ ಪಾನ್ಸೆಲ್ ಅಕ್ಕನ ಜೊತೆ ವಾಡ್‌ವಿಲ್ ರಂಜನೆಯ ವೇದಿಕೆಗಳಲ್ಲಿ ಹಾಡುತ್ತಿದ್ದ ಹುಡುಗಿ. 1918ರ ನವೆಂಬರ್ 15ರಂದು, 21ರ ವಯಸ್ಸಿನಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ನೇರವಾಗಿ ಕರೂಸೊ ಎದುರು ನಾಯಕಿಯಾಗಿ ನಿಂತಳು. ಟೌಬರನನ್ನು ಸಿಹಿ ಪ್ರೇಮಗೀತೆಗಳವನೆಂದು ಮೂಗು ಮುರಿದವರಿದ್ದಾರೆ. ಅವನು 1947ರ ಸೆಪ್ಟೆಂಬರಿನಲ್ಲಿ, ಕ್ಯಾನ್ಸರಿನಿಂದ ಒಂದು ಶ್ವಾಸಕೋಶ ಕೆಟ್ಟಿದ್ದಾಗ, ಲಂಡನ್ನಿನಲ್ಲಿ ಅದೇ ಡಾನ್ ಒಟ್ಟಾವಿಯೊ ಪಾತ್ರ ಹಾಡಿದ. ನಾಲ್ಕು ತಿಂಗಳೊಳಗೆ ತೀರಿಕೊಂಡ.

ಈ ಮಡಿ ನಮ್ಮಲ್ಲೂ ಇದೆ, ಅದಕ್ಕೇ ಇಷ್ಟು ನೋವು. ಕಚೇರಿಯಲ್ಲಿ ದೇವರನಾಮವನ್ನು ಕೊನೆಗೆ ತಳ್ಳಿ ‘ತುಕಡ’ ಎನ್ನುತ್ತೇವೆ. ಪುರಂದರದಾಸರ ಪದ ಶುರುವಾಗುವ ಹೊತ್ತಿಗೆ ಮುಂದಿನ ಸಾಲಿನವರು ಚಪ್ಪಲಿ ಹುಡುಕುತ್ತಿರುತ್ತಾರೆ. ನಿಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ವಚನ ಹಾಡಿದಾಗ ಯಾವ ಮೆಟ್ಟಿಲು ಇಳಿದರು, ಹೇಳಿ? ಮಿಲಾನಿನಲ್ಲಿ 1902ರ ಏಪ್ರಿಲ್‌ನಲ್ಲಿ ಕರೂಸೊ ದನಿ ಹಿಡಿದ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್, ಅದೇ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ದನಿ ಹಿಡಿದ. ಶಾಸ್ತ್ರೀಯ ಖಯಾಲನ್ನೂ ಜನಪದರ ಮಳೆಹಾಡಾದ ಕಜರಿಯನ್ನೂ ಒಂದೇ ಶ್ರದ್ಧೆಯಿಂದ ಪ್ಲೇಟಿಗೆ ಹಾಡಿದ ಆಕೆ ಕೊನೆಗೆ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಮೈಸೂರಿಗೆ ಹೋಗಿಬರುವ ಸಂಗೀತಪ್ರೇಮಿಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಪೆಟ್ಟಿಗೆಯ ವಿಷಯ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬಿಸಿಲು ತಾಗದಿರಲಿ. ಧೂಳನ್ನು ಮೆತ್ತನೆಯ ಒಣಬಟ್ಟೆಯಿಂದ ಸುತ್ತುಗೆರೆಯ ಉದ್ದಕ್ಕೇ ಒರೆಸಿ. ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ. ಒಪೆರಾ ಪ್ಲೇಟೂ ಸಿಪಾಯಿ ಹಾಡಿನ ಪ್ಲೇಟೂ ಒಂದೇ ಅರಗಿನವು, ಕರಗಿಹೋಗುತ್ತವೆ.